ಎರವಲು ಗಂಟಲು, ಎರಡು ಮುಚ್ಚಳ

ಬೆಳಕವಾಡಿಯಲ್ಲಿರುವ ನನ್ನ ಸೋದರತ್ತೆ ಚಿಕ್ಕತಾಯಮ್ಮನ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಗೂ ಬೆಂಕಿಪೊಟ್ಟಣಕ್ಕೂ ನಡುವೆ, ನೇರಳೆ ಬಣ್ಣದ ಪ್ಲಾಸ್ಟಿಕ್ ಮುಚ್ಚಳವೊಂದು ಕುಳಿತಿದೆ. ಅದನ್ನು ಕಂಡಾಗಲೆಲ್ಲ ನನಗೆ ನನ್ನ ಗಂಟಲಿನ ಮೇಲೆಯೇ ಬೇಸರ ಬರುತ್ತದೆ. ಗೆಳೆಯರೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ: "ದಿನಾ ಎರಡು ಮುಚ್ಚಳ ಕುಡುದೆ ಕಣವ್ವ, ಸಕ್ರೆ ಮಾತ್ರೆ ಎಲ್ಲಾ ಬುಟ್ಟಾಕ್ದೆ" ಎಂದು ಮಳವಳ್ಳಿ ಸೀಮೆಯ ಮೊಬೈಲುಗಳಲ್ಲೆಲ್ಲ ಸುತ್ತಾಡಿದ ಆ ಅಜ್ಜಿ, ಅಜ್ಜಿಯೇ ಅಲ್ಲ, ಮೀಸೆ ಹೊತ್ತ ನಾನು.

ಕೆಲವರಿಗೆ ಪಿತ್ರಾರ್ಜಿತವಾಗಿ ಗದ್ದೆ ಬರುತ್ತದೆ. ನನಗೆ ಬಂದದ್ದು ಪರರ ದನಿ. ಬಸ್ ಕಂಡಕ್ಟರನಿಂದ ಹಿಡಿದು ಬೀಗರ ಕೆಮ್ಮಿನವರೆಗೆ ಎಲ್ಲವನ್ನೂ ಮದುವೆಮನೆಗಳಲ್ಲಿ ಅನುಕರಿಸಿ ನಗಿಸುವ ನನಗೆ, ನಿನ್ನದೇ ದನಿಯಲ್ಲಿ ನಾಲ್ಕು ಮಾತಾಡು ಎಂದರೆ ಹುಡುಕಾಡಬೇಕಾಗುತ್ತದೆ. ಇದನ್ನು ಬಲ್ಲ ಮದ್ದೂರಿನ ಚಂದ್ರು, ನನ್ನ ಸಹಪಾಠಿ, ಸುಡುಬಿಸಿಲಿನಲ್ಲೂ ಟೈ ಬಿಗಿದುಕೊಂಡು ಖಾಸಗಿ ಬಸ್ಸಿನಲ್ಲಿ ಜೋತಾಡುತ್ತ ಬಂದ. ಸರ್ವರೋಗಗಳಿಗೂ ಒಂದೇ ಪಾನೀಯ ಮಾರುವ ಸರಪಳಿಯಲ್ಲಿ ಅವನೂ ಒಂದು ಕೊಂಡಿಯಾಗಿದ್ದ. ಗುಣವಾದವರು ಫೋನಿನ ಮುಂದೆ ಮಾತಾಡಲು ನಾಚುತ್ತಾರೆ, ನೀನೇ ಒಂದು ಅಜ್ಜಿಯಾಗು ಎಂದ. ಗುಣವಾದವರು ಯಾರು ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಬಾಲ್ಯದಿಂದ ಅಣಕಿಸುತ್ತ ಬಂದ ಅತ್ತೆಯ ದನಿಯನ್ನೇ ತೆಗೆದು ಅವನ ಫೋನಿಗೆ ಉಸುರಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನಂಥವನಿಗೆ ಅಷ್ಟು ಸಂಭಾವನೆ ಸಾಕು.

ನಮ್ಮ ಕಡೆಯ ಜನ ಆರೋಗ್ಯದ ಬಗ್ಗೆ ಬಲು ಪ್ರಾಮಾಣಿಕರು. ಹೇಗಿದ್ದೀರಿ ಎಂದರೆ "ಏನೋ, ಅಂಗೇ ಇವ್ನಿ" ಎನ್ನುತ್ತಾರೆ. ಮಂಡಿನೋವು, ಅರೆನಿದ್ರೆ, ಒಂದಿಷ್ಟು ಸಮಾಧಾನ ಎಲ್ಲವೂ ಆ ಮೂರು ಪದಗಳೊಳಗೆ ಮಡಚಿಕೊಂಡಿರುತ್ತವೆ. ಈ ಪಾನೀಯ ಬಂದಮೇಲೆ ಆ ಮಾತಿಗೇ ಕುತ್ತು ಬಂತು. ಕುಡಿದವನು ಮಾರಲೂ ಬೇಕು, ಮಾರುವವನು ನರಳುವಂತಿಲ್ಲ, ಆದ್ದರಿಂದ ಎಲ್ಲರೂ ಗುಣವಾಗುತ್ತಲೇ ಇರುತ್ತಾರೆ. ಮಂಡ್ಯದ ಛತ್ರವೊಂದರ ಸಭೆಯಲ್ಲಿ ಸೊಂಟ ಹಿಡಿದುಕೊಂಡೇ ಎದ್ದು ನಿಂತು, ಸೊಂಟನೋವು ಮಾಯವಾಯಿತೆಂದು ಚಪ್ಪಾಳೆ ಗಿಟ್ಟಿಸಿದವರನ್ನು ಕಂಡಿದ್ದೇನೆ. ಅವರ ಮುಂದೆ ನನ್ನ ಮಿಮಿಕ್ರಿ ಯಾವ ಲೆಕ್ಕ!

ತಿಂಗಳು ಕಳೆದು ಬೆಳಕವಾಡಿಗೆ ಹೋದರೆ, ಅತ್ತೆ ಕಾಲ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಿದ್ದಳು. ಎಡವಿದ ಗಾಯ ಮೂರು ವಾರವಾದರೂ ಮಾಗಿರಲಿಲ್ಲ. ವರ್ಷಗಳಿಂದ ನುಂಗುತ್ತಿದ್ದ ಸಕ್ಕರೆ ಕಾಯಿಲೆಯ ಮಾತ್ರೆಗಳು ಅಕ್ಕಿಡಬ್ಬದ ತಳ ಸೇರಿದ್ದವು. ಗೂಡಿನಲ್ಲಿ ನೇರಳೆ ಬಾಟಲಿ ರಾರಾಜಿಸುತ್ತಿತ್ತು. ಪಕ್ಕದ ಮನೆಯವಳ ಫೋನಿನಲ್ಲಿ ಯಾರೋ ಅಜ್ಜಿ ಹೇಳಿದ್ದಳಂತೆ. ಡಾಕ್ಟರ ಮಾತು ಅರ್ಥವಾಗುವುದಿಲ್ಲ, ಆ ಅಜ್ಜಿಯದು ನಮ್ಮವರ ಮಾತು, ಕೇಳಿದರೆ ಕರುಳು ಒಪ್ಪುತ್ತದೆ ಎಂದಳು. ಒಪ್ಪದೆ ಏನು ಮಾಡೀತು? ಅದು ಅವಳದೇ ಮಾತಾಗಿತ್ತಲ್ಲ.

ಚಂದ್ರುವಿಗೆ ಫೋನು ಮಾಡಿದೆ. "ಅದು ಒಳಗಿನ ವಿಷ ಈಚೆ ಬತ್ತಾ ಇರೋದು ಕಣ್ಲಾ, ಇನ್ನೊಂದು ಬಾಟ್ಲು ಕುಡೀಲಿ" ಎಂದ. ವಾಸಿಯಾದರೆ ಪಾನೀಯದ ಮಹಿಮೆ, ಉಲ್ಬಣಿಸಿದರೆ ಮಹಿಮೆಯ ಮುನ್ಸೂಚನೆ. ಎಂದೂ ಸೋಲದ ಇಂಥ ತರ್ಕದ ಮುಂದೆ ಸಿಟ್ಟೂ ಬರುವುದಿಲ್ಲ, ಆಕಳಿಕೆ ಬರುತ್ತದೆ.

ಮಂಡ್ಯದ ಆಸ್ಪತ್ರೆಗೆ ಹೊರಡು, ಬೆರಳು ಹೋದೀತು ಎಂದು ಅಂಗಲಾಚಿದೆ. ಅತ್ತೆ ಜಗ್ಗಲಿಲ್ಲ. ಆ ಅಜ್ಜಿ ನಾನೇ ಎಂದೆ. ನಂಬಲಿಲ್ಲ, ಹುಡುಗಾಟ ಬಿಡು ಎಂದು ಗದರಿದಳು. ಕೊನೆಗೆ ಅವಳೆದುರು ಕುಳಿತು, ತಲೆ ತಗ್ಗಿಸಿ, ಆ ಮಾತುಗಳನ್ನೇ ಆ ದನಿಯಲ್ಲೇ ಒಪ್ಪಿಸಿದೆ. ಯಾರೂ ನಗದ ನನ್ನ ಮೊದಲ ಮಿಮಿಕ್ರಿ ಅದು.

ಅತ್ತೆ ಗೋಡೆ ಹಿಡಿದು ಎದ್ದಳು. ಆಮೇಲೆ ಅಕ್ಕಿಡಬ್ಬಕ್ಕೆ ಕೈಹಾಕಿ ಮಾತ್ರೆಗಳನ್ನು ಹುಡುಕಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಾಟಲಿಯನ್ನು ಬಚ್ಚಲಿಗೆ ಬಗ್ಗಿಸಿ, ಮುಚ್ಚಳವನ್ನು ಮಾತ್ರ ತೊಳೆದು ಗೂಡಿನಲ್ಲಿಟ್ಟಳು. ಬೆಳಗಿನ ಮಾತ್ರೆ ಮರೆಯದಿರಲೆಂದು ಈಗ ಅದರಲ್ಲೇ ಇಡುತ್ತಾಳೆ. ಆ ಮುಚ್ಚಳ ಯಾರಿಗಾದರೂ ಉಪಕಾರ ಮಾಡಿದ್ದರೆ ಇದೊಂದೇ. ಚಪ್ಪಲಿ ಮೆಟ್ಟಿ, ನನ್ನ ಭುಜ ಹಿಡಿದು ಬಸ್ಸಿಗೆ ಹೊರಟವಳು ಹೊಸಿಲಲ್ಲಿ ನಿಂತು ಹೇಳಿದಳು:

"ನನ್ ಗಂಟ್ಲ ಕದ್ದೋನು ಕಾಯ್ಲೆನೂ ಕದ್ದಿದ್ರೆ, ನಿನ್ ಕಳ್ತನಕ್ಕಾದ್ರೂ ಒಸಿ ಮರ್ವಾದೆ ಇರ್ತಿತ್ತು ಕಣ್ಲಾ."