ಕೀಬೋರ್ಡಕ್ಕ ಶಬ್ದಕ್ಕೆ ದಾರಿ ಮಾಡಿದ್ದು

ಕೀಬೋರ್ಡಕ್ಕ ಅನ್ನುವುದು ನೃತ್ಯಶಾಲೆಯ ಮಕ್ಕಳು ಅವಳಿಗಿಟ್ಟ ಹೆಸರು. ಮದುವೆಗೆ ಮುಂಚಿನಿಂದಲೂ ಅಲ್ಲಿನ ಹಾಲಿನ ಮೂಲೆಯಲ್ಲಿ ಕೂತು ಮಕ್ಕಳ ಹೆಜ್ಜೆಗೆ ಕೀಬೋರ್ಡು ನುಡಿಸಿಕೊಂಡು ಬಂದವಳು. ಮಗಳು ಹುಟ್ಟಿದ ಮೇಲೆ ಬಸ್ಸು ಬದಲಾಯಿಸಿ ಅಷ್ಟು ದೂರ ಹೋಗುವುದು ಆಗದ ಮಾತಾಯಿತು. ಮನೆಯಿಂದಲೇ ನುಡಿಸುತ್ತೇನೆ, ವಿಡಿಯೊ ಕರೆಯಲ್ಲಿ ಕೇಳಿಸಿಕೊಂಡು ಕುಣಿಸಿ ಎಂದು ಡಾನ್ಸ್ ಟೀಚರನ್ನು ಬೇಡಿಕೊಂಡಳು. ಅವರು ಒಪ್ಪಿದ್ದು ಅರೆಮನಸ್ಸಿನಿಂದ. ಶುಕ್ರವಾರದ ತಾಲೀಮು ಹಳಿ ತಪ್ಪಿದರೆ ಇನ್ನು ಮುಂದೆ ರೆಕಾರ್ಡು ಹಾಕಿಕೊಳ್ಳುತ್ತೇನೆ ಅಂತ ಮೊದಲೇ ಹೇಳಿಬಿಟ್ಟರು. ರೆಕಾರ್ಡು ಬಂದ ಮೇಲೆ ಇವಳಿಗೇನು ಕೆಲಸ?

ತೊಂದರೆ ಇದ್ದದ್ದು ಕಂಪ್ಯೂಟರಿನಲ್ಲಿ. ಕೀಬೋರ್ಡಿನ ಸ್ವರ ಹೊರಡುವುದು ಅದರೊಳಗಿನ ಒಂದು ಪ್ರೋಗ್ರಾಮಿನಿಂದ. ಬೆರಳು ಒತ್ತಿ ರೆಪ್ಪೆ ಬಡಿಯುವಷ್ಟು ಹೊತ್ತಾದ ಮೇಲೆ ಸ್ವರ ಬರುತ್ತಿತ್ತು. ಸ್ವರಕ್ಕೆ ಕಾದು ಕಾದು ತಾಳವೇ ಕಾಲೆಳೆಯುತ್ತಿತ್ತು. ಹುಡುಕಾಡಿ ಇನ್ನೊಂದು ಡ್ರೈವರ್ ಹಾಕಿಕೊಂಡಳು. ಪ್ರೋಗ್ರಾಮಿನ ಶಬ್ದವನ್ನು ಎಲ್ಲೂ ನಿಲ್ಲಿಸದೆ ಹೆಡ್‌ಫೋನಿಗೆ ಮುಟ್ಟಿಸುವ ತಂತ್ರಾಂಶ ಅದು. ಸ್ವರ ಬೆರಳಿಗೇ ಅಂಟಿಕೊಂಡಿತು. ಆದರೆ ಈ ಹೊಸಬ ಬಂದಿದ್ದೇ ತಡ, ಬೇರೆ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಪರೀಕ್ಷೆಗೆಂದು ಮಾಡಿದ ವಿಡಿಯೊ ಕರೆಗೆ ಶಬ್ದವೇ ಹೋಗದೆ, ಸುಮ್ಮನೆ ತಲೆದೂಗುತ್ತಾ ಕೂತ ಕೀಬೋರ್ಡಕ್ಕನನ್ನು ನೋಡಿ ಮಕ್ಕಳು ನಕ್ಕರು.

“ಇದು ಥೇಟ್ ನಮ್ಮಮ್ಮ. ಅಡುಗೆಮನೆಗೆ ಹೊಕ್ಕರೆ ಇನ್ನೊಬ್ಬರಿಗೆ ಜಾಗ ಇಲ್ಲ,” ಅಂದ ಅವಳ ಗಂಡ. ಎಲೆಕ್ಟ್ರಿಷಿಯನ್, ಏಣಿ ಹೆಗಲ ಮೇಲಿಟ್ಟುಕೊಂಡು ಹೊರಟಿದ್ದ.

“ಕೇಳಿಸ್ತು ಕಣೋ,” ಅಂದರು ಅತ್ತೆ ಒಳಗಿನಿಂದ.

ಕೊನೆಗೆ ಕಣ್ಣಿಗೆ ಕಾಣದ ವೈರೊಂದು ಸಿಕ್ಕಿತು. ಅದೂ ಒಂದು ತಂತ್ರಾಂಶವೇ. ಈ ತುದಿಯಲ್ಲಿ ಒಂದು ಪ್ರೋಗ್ರಾಮಿನ ಶಬ್ದ ಸುರಿದರೆ, ಆ ತುದಿಯಲ್ಲಿ ವಿಡಿಯೊ ಕರೆ ಅದನ್ನೇ ಮೈಕು ಅಂದುಕೊಂಡು ಹೀರಿಕೊಳ್ಳುತ್ತದೆ. ಮಗು ಮಲಗಿದ್ದ ಹೊತ್ತು ನೋಡಿ ಅವಳು ಇದನ್ನೆಲ್ಲ ಜೋಡಿಸಿದಳು. ಟೀಚರ ಮಾತು ಟೀಚರಿಗೇ ವಾಪಸ್ಸು ಹೋಗಬಾರದೆಂದು ಕರೆಯ ಶಬ್ದವನ್ನು ಬೇರೆ ದಾರಿಗೆ ಹಾಕಿದಳು. ಮಿಕ್ಕಿದ್ದೆಲ್ಲ ವೈರಿನಲ್ಲೇ ಹೋಗಲಿ ಅಂತ ಗುರುತು ಹಾಕಿ, ಎದ್ದ ಮಗುವಿಗೆ ಹಾಲು ಕುಡಿಸಲು ಓಡಿದಳು.

ಮಿಕ್ಕಿದ್ದರಲ್ಲಿ ತೊಟ್ಟಿಲೂ ಇತ್ತು. ನುಡಿಸುವಾಗ ಮಗು ಅತ್ತರೆ ಗೊತ್ತಾಗಲೆಂದು ಒಳಕೋಣೆಯ ತೊಟ್ಟಿಲ ಪಕ್ಕ ಹಳೇ ಫೋನೊಂದನ್ನು ಇಟ್ಟಿದ್ದಳು. ಅದರ ಶಬ್ದ ಇದೇ ಕಂಪ್ಯೂಟರಿಗೆ ಬಂದು ಅವಳ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಎಷ್ಟು ಅಭ್ಯಾಸವಾಗಿತ್ತೆಂದರೆ, ಅದೂ ಒಂದು ಶಬ್ದ ಅನ್ನುವುದೇ ಅವಳಿಗೆ ಮರೆತುಹೋಗಿತ್ತು.

ಶುಕ್ರವಾರ ಮೊದಲ ಸುತ್ತಿಗೇ ಹಾಲಿನ ಹೆಜ್ಜೆಗಳೆಲ್ಲ ಸ್ವರದ ಮೇಲೆ ಬಿದ್ದವು. ಟೀಚರ ಮುಖ ಅರಳಿತು. ಇನ್ನೊಂದು ಸಲ, ಇನ್ನೂ ವೇಗವಾಗಿ ಅಂದರು. ಆಮೇಲೆ ಇನ್ನೂ ವೇಗವಾಗಿ. ಕೀಬೋರ್ಡಕ್ಕ ಖುಷಿಯಲ್ಲಿ ಓಡಿಸುತ್ತಿದ್ದಳು, ಬೆರಳಿನ ಟಕಟಕ ಒಳಕೋಣೆಗೂ ಕೇಳುತ್ತಿತ್ತು. ಹೆಡ್‌ಫೋನಿನಲ್ಲಿ ಅತ್ತೆ ಎಂದಿನಂತೆ ತೊಟ್ಟಿಲು ತೂಗುತ್ತಾ ಮೊಮ್ಮಗಳ ಹತ್ತಿರ ಕಷ್ಟಸುಖ ಮಾತಾಡುತ್ತಿದ್ದರು.

“ಆ ಟೀಚರಮ್ಮಂಗೆ ರೈಲು ತಪ್ಪಿಹೋಗೋ ಅಷ್ಟು ಅವಸರ, ಪುಟ್ಟಿ. ಆ ಮಕ್ಕಳ ಕಾಲೇನು ಫ್ಯಾನಿನ ರೆಕ್ಕೆನಾ?”

ತೆರೆಯ ಮೇಲೆ ಮಕ್ಕಳು ಗಕ್ಕನೆ ನಿಂತರು. ಒಬ್ಬಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಎಲ್ಲರೂ ಸ್ಪೀಕರಿನತ್ತ ನೋಡುತ್ತಿದ್ದದ್ದು ಕಂಡ ಮೇಲೆ ಕೀಬೋರ್ಡಕ್ಕನಿಗೆ ತೊಟ್ಟಿಲ ಶಬ್ದ ನೆನಪಾಯಿತು. ತಡಬಡಿಸಿ ಒಂದು ಗುಂಡಿ ಒತ್ತಿದಳು. ಬಂದಾದದ್ದು ಕೀಬೋರ್ಡು. ಈಗ ಹಾಲಿನ ತುಂಬ ಅತ್ತೆಯೊಬ್ಬರೇ.

“ನಿಮ್ಮಮ್ಮನ್ನ ಬಿಟ್ಟು ರೆಕಾರ್ಡು ಹಾಕ್ತಾರಂತೆ. ಹಾಕ್ಲಿ ಬಿಡು. ಬೈಸಿಕೊಳ್ಳೋಕೆ ಅದಕ್ಕೆ ಕಿವಿ ಇರಬೇಕಲ್ಲ.”

ಆಮೇಲೆ ಸರಿಯಾದ ಗುಂಡಿ ಸಿಕ್ಕಿತು. ಟೀಚರ್ ಸೊಂಟದ ಮೇಲೆ ಕೈಯಿಟ್ಟು ಮಕ್ಕಳ ಕಡೆ ತಿರುಗಿ, ವೇಗ ಜಾಸ್ತಿಯಾಯಿತಾ ಎಂದು ಕೇಳಿದರು. ಎಲ್ಲ ತಲೆಗಳೂ ಒಟ್ಟಿಗೆ ಹೌದೆಂದವು. ಟೀಚರ್ ತುಟಿ ಕಚ್ಚಿಕೊಂಡು ನಗು ತಡೆದರು, ಆಗಲಿಲ್ಲ.

“ಸ್ವಲ್ಪ ನಿಧಾನಕ್ಕೆ ನುಡಿಸಮ್ಮ,” ಅಂದರು. “ಸೋಮವಾರವೂ ಇದೇ ಹೊತ್ತಿಗೆ ಕೂತ್ಕೋ. ರೆಕಾರ್ಡಿಗೆ ನಿಧಾನ ಅಂದ್ರೆ ಕೇಳಿಸುತ್ತಾ?”

ತಾಲೀಮು ಮುಗಿದ ಮೇಲೆ ಅವಳು ತೊಟ್ಟಿಲ ಶಬ್ದವನ್ನು ತನ್ನ ಕಿವಿಗೆ ಮಾತ್ರ ಬರುವ ಹಾಗೆ ಬೇರ್ಪಡಿಸಿ, ನಡೆದದ್ದನ್ನು ಅತ್ತೆಗೆ ಮೆಲ್ಲಗೆ ಹೇಳಿದಳು. ನಾಚಿಕೊಳ್ಳುತ್ತಾರೇನೋ ಅಂದುಕೊಂಡಿದ್ದಳು. ಅತ್ತೆ ಮಗುವಿನ ಬಟ್ಟೆ ಮಡಚುತ್ತಲೇ ಕೇಳಿದರು:

“ನನ್ನ ಮಾತಾದ್ರೂ ಟೈಮಿಗೆ ಸರಿಯಾಗಿ ಹೋಯ್ತೇನೇ?”