ವೈನ್ ಮೇಳದಲ್ಲಿ ನನ್ನ ಮೂಗು

ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಅವರೆಕಾಯಿ ಕೊಳ್ಳುವವರು ಮೊದಲು ಕಾಯಿ ನೋಡುವುದಿಲ್ಲ, ಮೂಸುತ್ತಾರೆ. ಒಂದು ಹಿಡಿ ತೆಗೆದು ಮೂಗಿಗೆ ಹಿಡಿದರೆ ಸೊಗಡು ಗಮ್ಮೆಂದು ಬರಬೇಕು. ಬಾರದಿದ್ದರೆ ಕಾಯಿ ಎಷ್ಟು ತುಂಬಿಕೊಂಡಿದ್ದರೂ ದನಕ್ಕೇ ಸರಿ. ವೈನ್ ಮೇಳದ ಅಡುಗೆಗೆಂದು ಹೋದ ದಿನ ನಾನೂ ಒಂದು ಹಿಡಿ ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತಿಳಿದವಳ ಹಾಗೆ ತಲೆಯಾಡಿಸಿದೆ. ಮೂಗಿಗೆ ಬಂದದ್ದು ಏನೂ ಇಲ್ಲ. ಬೆರಳಿಗೆ ಸೊಗಡಿನ ಜಿಡ್ಡು ಅಂಟಿದೆಯೇ ಎಂದು ಕಳ್ಳತನದಲ್ಲಿ ಉಜ್ಜಿ ನೋಡಿ, ಅಷ್ಟರ ಮೇಲೆ ಧೈರ್ಯ ಮಾಡಿ ಮೂಟೆ ಕಟ್ಟಿಸಿದೆ.

ಕೊರೊನಾ ಬಂದಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ವಾಸನೆ ಹೋಗಿತ್ತು, ಎಲ್ಲರಿಗೂ ವಾಪಸ್ ಬಂತು. ನನಗೆ ಬರಲಿಲ್ಲ. ನಾಳೆ ಬರುತ್ತದೆ, ನಾಳಿದ್ದು ಬರುತ್ತದೆ ಎಂದು ಸುಮ್ಮನಿದ್ದೆ. ಸುಮ್ಮನಿದ್ದೂ ಇದ್ದೂ ಅದೇ ರೂಢಿಯಾಯಿತು. ಗಂಡನಿಗೆ ಮಾತ್ರ ಹೇಳಿದ್ದೆ. “ಕೊಟ್ಟಿಗೆ ಬಾಚಾಕೆ ಒಳ್ಳೇದೇ ಆಯ್ತಲ್ಲ ಬಿಡು” ಎಂದು ನಕ್ಕ. ಆ ಮನುಷ್ಯನ ಹತ್ತಿರ ಇನ್ನೇನು ಮಾತು? ಮತ್ತೆ ಯಾರಿಗೂ ಬಾಯಿ ಬಿಡಲಿಲ್ಲ.

ಬಿಡುವ ಹಾಗೂ ಇರಲಿಲ್ಲ. ನಮ್ಮ ಅತ್ತೆಯದು ಒಂದು ಕಟ್ಟುನಿಟ್ಟು. ಎಡೆ ಇಡುವ ಮೊದಲು ಒಲೆಯ ಮೇಲಿರುವುದನ್ನು ಯಾರೂ ನಾಲಿಗೆಗೆ ಮುಟ್ಟಿಸುವಂತಿಲ್ಲ, ಎಂಜಲಾಗುತ್ತದೆ. ಉಪ್ಪು, ಹುಳಿ, ಖಾರ ಎಲ್ಲವೂ ಹಬೆಯಲ್ಲೇ ತಿಳಿಯಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ಇದು ಹುಚ್ಚಾಟ ಅನ್ನಿಸಿತ್ತು. ಆಮೇಲೆ ಕಲಿತೆ, ಅತ್ತೆಗಿಂತ ಒಂದು ಕೈ ಮೇಲಾಗಿಯೇ ಕಲಿತೆ. ಊರಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ಸಾರು ಇಳಿಸುವ ಮುಂಚೆ ನನ್ನನ್ನು ಕರೆಸುತ್ತಿದ್ದರು. ಯಾರನ್ನೂ ಹೊಗಳದ ಅತ್ತೆ ನನ್ನ ಬಗ್ಗೆ ಆಡಿದ್ದು ಒಂದೇ ಒಳ್ಳೆಯ ಮಾತು: “ನಮ್ಮ ಸೊಸೆ ಮೂಗು ಅಂದ್ರೆ ಮೂಗು ಕಣಮ್ಮ.”

ಮೂಗು ಹೋದ ಮೇಲೆ ಮನೆಯಲ್ಲಿ ಹೇಗೋ ನಡೆಯಿತು. ಅದೇ ಪಾತ್ರೆ, ಅಷ್ಟೇ ಜನ, ಅಷ್ಟೇ ನೀರು. ಉಪ್ಪು ಎಷ್ಟೆಂದು ಕೈಗೇ ಗೊತ್ತಿತ್ತು. ಆದರೂ ದಿನಾ ಊಟಕ್ಕೆ ಕೂತಾಗ ಅತ್ತೆಯ ಮೊದಲ ತುತ್ತು ಒಳಗೆ ಹೋಗುವ ತನಕ ನನ್ನ ಜೀವ ಬಾಯಿಗೆ ಬರುತ್ತಿತ್ತು. ಗೊತ್ತಾದರೆ ಒಲೆಯನ್ನು ಅವರೇ ಹಿಡಿಯುತ್ತಾರೆ, ನನ್ನ ಪಾಲಿಗೆ ಹಾಲು ಮತ್ತು ಸಗಣಿ. ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಒಲೆಯ ಮುಂದಿನ ಜಾಗ ಒಂದೇ.

ಇಂಥ ಹೊತ್ತಿನಲ್ಲಿ ನಮ್ಮ ಮಹಿಳಾ ಸಂಘಕ್ಕೆ ಆ ಕರೆ ಬಂತು. ಚಿನ್ನದ ಗಣಿಯ ಊರಾದ ಊರಿಗಾಂನ ಹಳೆಯ ಕಂಪನಿ ಬಂಗಲೆಯೊಂದರ ಮೈದಾನದಲ್ಲಿ ವೈನ್ ಮೇಳ. ಬಂದವರು ಒಂದೊಂದು ವೈನ್ ರುಚಿ ನೋಡುವುದು, ಅದಕ್ಕೆ ಜೋಡಿಯಾಗಿ ಈ ಸೀಮೆಯ ಒಂದೊಂದು ಅಡುಗೆ ತಿನ್ನುವುದು. ನಮ್ಮ ಪಾಲಿಗೆ ಅವರೆಕಾಳಿನ ಸಿಪ್ಪೆ ಹಿತುಕಿ ಮಾಡುವ ಹಿತಕಿದ ಬೇಳೆ ಸಾರು, ಮುದ್ದೆ. ಸಂಘದ ಅಧ್ಯಕ್ಷೆ ನನ್ನನ್ನು ಕೇಳದೆಯೇ ನನ್ನ ಹೆಸರು ಬರೆಸಿ ಬಂದಳು. ಅತ್ತೆ ಬರುವುದಿಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. ಹೆಂಡದ ಜಾಗಕ್ಕೆ ಸೊಸೆಯನ್ನು ಒಬ್ಬಳನ್ನೇ ಕಳಿಸುವುದುಂಟೇ ಎಂದು ಅವರೇ ಮುಂದಾಗಿ ಟೆಂಪೋ ಹತ್ತಿ ಕೂತರು.

ಅಲ್ಲಿ ಹೋಗಿ ನೋಡಿದರೆ, ಬಾಡಿಗೆಯ ದೊಡ್ಡ ಡಬರಿ, ಬುಸ್ಸೆನ್ನುವ ಗ್ಯಾಸ್ ಒಲೆ. ನನ್ನ ಕೈ ಅಳತೆ ಆ ಡಬರಿಯಲ್ಲಿ ಯಾವ ಮೂಲೆಗೂ ಸಾಲದು. ಪಕ್ಕದ ಕಬಾಬಿನ ಅಂಗಡಿಯವಳು ಎಣ್ಣೆ ಕಾಯಿಸುತ್ತಾ “ಅಕ್ಕಾ, ಉಂಗ ಸಾರು ವಾಸನೆ ಸೂಪರ್” ಎಂದು ತಮಿಳಿನಲ್ಲಿ ಕೂಗಿದಳು. ನಾನು ಹಲ್ಲು ಬಿಟ್ಟೆ. ಇನ್ನೂ ಮಸಾಲೆಯನ್ನೇ ಹಾಕಿರಲಿಲ್ಲ, ಬರೀ ಬೇಳೆ ಬೇಯುತ್ತಿತ್ತು. ಅಂದರೆ ಸೊಗಡಾದರೂ ಸರಿಯಾಗಿದೆ ಎಂದು ಒಂದು ಗುಟುಕು ಸಮಾಧಾನ.

ಅತ್ತೆಯ ಗಮನವೆಲ್ಲ ಎದುರಿನ ಶಾಮಿಯಾನದ ಕಡೆಗಿತ್ತು. ಅಲ್ಲಿ ಬೆಂಗಳೂರಿನಿಂದ ಬಂದವರು ಗಾಜಿನ ಲೋಟ ತಿರುಗಿಸುತ್ತಾ, ಅದರೊಳಗೆ ಮೂಗು ತೂರಿಸುತ್ತಾ, ಒಂದು ಗುಟುಕು ಬಾಯಲ್ಲಿ ಆಡಿಸಿ ಮೇಜಿನ ಮೇಲಿನ ಬಕೆಟ್ಟಿಗೆ ಉಗಿಯುತ್ತಿದ್ದರು.

“ಇದೇನಮ್ಮ ಇದು! ಎಲ್ರೂ ಒಂದೇ ಬಕೀಟ್ಗೆ ಉಗೀತಾವ್ರೆ. ಕುಡ್ಯೋರ್ನ ನೋಡಿವ್ನಿ, ಕಾಸು ಕೊಟ್ಟು ಉಗ್ಯೋರ್ನ ಇವತ್ತೇ ನೋಡಿದ್ದು” ಎಂದರು ಅತ್ತೆ. ಮುದ್ದೆ ನಿಂಬೆಹಣ್ಣಿನಷ್ಟೇ ಇರಲಿ ಎಂದು ಮೇಳದವರು ಹೇಳಿದ್ದಕ್ಕೆ ಆಗಲೇ ಅವರ ಮುಖ ಊದಿತ್ತು. “ಗುಬ್ಬಚ್ಚಿಗೆ ಇಕ್ಕಾಕೆ ಕರ್ಸವ್ರಾ ನಮ್ಮನ್ನ?” ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಂದು ನನ್ನ ಕಿವಿ ಮಾತ್ರ ಅತ್ತೆಯ ಹತ್ತಿರ, ಜೀವವೆಲ್ಲ ಡಬರಿಯಲ್ಲಿ.

ಅಷ್ಟರಲ್ಲಿ ವೈನಿನ ಬಗ್ಗೆ ವಿವರಿಸುವ ಯುವಕನೊಬ್ಬ ಕೈಯಲ್ಲಿ ಕೆಂಪು ವೈನಿನ ಲೋಟ ಹಿಡಿದು ನಮ್ಮ ಅಂಗಡಿಗೇ ಬಂದ. “ಮೇಡಂ, ನಿಮ್ಮ ಮೂಗಿನ ಬಗ್ಗೆ ಅಧ್ಯಕ್ಷರು ತುಂಬಾ ಹೇಳಿದ್ರು. ಕುಡಿಯೋದು ಬೇಡ, ಒಂದು ಸಲ ಮೂಸಿ, ನಿಮ್ಮ ಸಾರಿಗೆ ಇದು ಹೊಂದುತ್ತಾ ಹೇಳಿ.” ಅಧ್ಯಕ್ಷೆ ಹೆಮ್ಮೆಯಿಂದ ಸೆರಗು ಸರಿ ಮಾಡಿಕೊಂಡಳು. ಅವಳ ಬಾಯಿಗೆ ಬೀಗ ಹಾಕಬೇಕು ಅನ್ನಿಸಿತು. ನಾಲ್ಕಾರು ಜನ ಸುತ್ತ ನಿಂತರು, ಒಬ್ಬಳು ಮೊಬೈಲ್ ಎತ್ತಿ ಹಿಡಿದಳು.

ನಾನು ಲೋಟದೊಳಗೆ ಮೂಗಿಟ್ಟು ಉಸಿರೆಳೆದೆ. ತಣ್ಣನೆಯ ಗಾಳಿ, ಅಷ್ಟೆ. ಮತ್ತೊಮ್ಮೆ ಎಳೆದೆ. ಕಣ್ಣಲ್ಲಿ ನೀರು ಬರುವ ಹಾಗಾಯಿತು. ಏನಾದರೊಂದು ಹೇಳಲೇಬೇಕಲ್ಲ, ಬಣ್ಣ ನೋಡಿ “ನೇರಳೆ ಹಣ್ಣು” ಎಂದುಬಿಟ್ಟೆ. ಯುವಕ ಕುಣಿದೇಬಿಟ್ಟ. “ಕರೆಕ್ಟ್! ನಾನೂ ಅದನ್ನೇ ಹೇಳ್ತಿದ್ದೆ!” ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ತಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.

ಆ ನೋಟಕ್ಕೆ ಬೆದರಿ ನಾನು ಬೇಗ ಡಬರಿಯ ಕಡೆ ತಿರುಗಿದೆ. ಮಸಾಲೆ ಹಾಕಿ, ಸೌಟು ಆಡಿಸುತ್ತಾ, ಮುಂದೆ ಉಪ್ಪಿನ ಗತಿಯೇನು ಎಂದು ಯೋಚಿಸುತ್ತಾ ನಿಂತೆ. ಅತ್ತೆ ಅಂಗಡಿಯ ಹಿಂದುಗಡೆ, ಅಷ್ಟು ದೂರದಲ್ಲಿ, ಎಡೆಗೆಂದು ಬಾಳೆ ಎಲೆ ಒರೆಸುತ್ತಿದ್ದರು. ಹೊಸ ಜಾಗದಲ್ಲಿ ಒಲೆ ಹಚ್ಚಿದರೆ ಮೊದಲ ಎಡೆ ದೇವರಿಗೇ, ಅದು ವೈನ್ ಮೇಳವಾದರೂ ಅವರು ಬಿಡುವವರಲ್ಲ. ಇದ್ದಕ್ಕಿದ್ದಂತೆ ಅವರ ಕೂಗು ಕೇಳಿತು.

“ಸೀದೋಗ್ತಾ ಐತೆ! ತಳ ಇಡೀತಾ ಐತೆ, ಆರ್ಸು!”

ನಾನು ಡಬರಿಯ ಮೇಲೆಯೇ ಬಗ್ಗಿ ನಿಂತಿದ್ದೆ. ಹಬೆ ನನ್ನ ಮುಖಕ್ಕೇ ಹೊಡೆಯುತ್ತಿತ್ತು. ಕಬಾಬಿನವಳು ಮೂಗು ಮುಚ್ಚಿಕೊಂಡಿದ್ದಳು. ನನಗೊಬ್ಬಳಿಗೆ ಏನೂ ಇಲ್ಲ.

ಅತ್ತೆ ಓಡಿ ಬಂದು ಗ್ಯಾಸ್ ಆರಿಸಿದರು. ಅಧ್ಯಕ್ಷೆಯೂ ಓಡಿ ಬಂದಳು. “ಅಯ್ಯೋ, ಜನ ಬರೋ ಹೊತ್ನಲ್ಲಿ ಇದೇನಾಯ್ತು? ಯಾರು ನೋಡ್ಕಂತಿದ್ದಿದ್ದು?” ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, “ನಾನೇ ಉರಿ ಜಾಸ್ತಿ ಮಾಡ್ದೆ. ಈ ಆಳಾದ್ ಒಲೆ ನಂಗೆ ತಿಳೀಲಿಲ್ಲ. ನೀನೋಗಿ ಇನ್ನೊಂದು ಡಬ್ರಿ ತತ್ತಾ ಓಗು.” ಅವಳು ಹೋದಳು. ಸಾರು ಸೀಯುವ ತನಕ ಅತ್ತೆ ಒಲೆಯ ಹತ್ತಿರ ಬಂದೇ ಇರಲಿಲ್ಲ.

ತಳ ಕೆದಕದೆ ಮೇಲಿನ ಸಾರನ್ನು ಇಬ್ಬರೂ ಸೌಟಿನಲ್ಲಿ ಬೇರೆ ಡಬರಿಗೆ ತೋಡಿದೆವು. ಬಿಸಿನೀರು ಬೆರೆಸಿದೆವು. ಮಸಾಲೆಯ ಜೊತೆ ಒಂದಿಷ್ಟು ಉಪ್ಪು ಬಿದ್ದಿತ್ತು, ಈಗ ಹದ ನೋಡಿ ಉಳಿದದ್ದು ಹಾಕಬೇಕಿತ್ತು. ಎಷ್ಟು ಸಾರು ಉಳಿಯಿತೋ, ಎಷ್ಟು ನೀರು ಸೇರಿತೋ ದೇವರೇ ಬಲ್ಲ. ಎದುರಿನ ಶಾಮಿಯಾನದಿಂದ ಜನ ಲೋಟ ಹಿಡಿದು ನಮ್ಮ ಕಡೆ ಹೊರಟಾಗಿತ್ತು. ಉಪ್ಪಿನ ಹಿಡಿ ಗಾಳಿಯಲ್ಲೇ ನಿಂತುಬಿಟ್ಟಿತು, ಹಾಕಲು ಕೈ ಬರಲಿಲ್ಲ.

“ಅತ್ತೆ, ನಂಗೆ ವಾಸ್ನೆ ಬರಾಕಿಲ್ಲ” ಎಂದೆ.

“ಯಾವಾಗ್ನಿಂದ?”

“ಜ್ವರ ಬಂತಲ್ಲ, ಆವಾಗ್ನಿಂದ.”

ಬೈಯುತ್ತಾರೆ ಎಂದು ಕಾದೆ. ಸೌಟು ಕಿತ್ತುಕೊಳ್ಳುತ್ತಾರೆ ಎಂದು ಕಾದೆ. ಕಿತ್ತುಕೊಂಡರು ಕೂಡ. ನಾನು ಒಲೆಯಿಂದ ಹಿಂದಕ್ಕೆ ಸರಿದು ನಿಂತೆ, ಇನ್ನು ಈ ಜಾಗ ನನ್ನದಲ್ಲ ಎಂದುಕೊಂಡೆ. ಅತ್ತೆ ಸೌಟಿನ ತುದಿಯಲ್ಲಿ ಒಂದಿಷ್ಟು ಸಾರು ಎತ್ತಿ, ಉಫ್ ಎಂದು ಊದಿ ಆರಿಸಿದರು. ನನ್ನ ಎಡಗೈ ಎಳೆದು ಅಂಗೈ ಮೇಲೆ ಸುರಿದರು.

“ನೆಕ್ಕು.”

“ಅತ್ತೆ, ಇನ್ನಾ ಎಡೆ ಇಕ್ಕಿಲ್ಲ.”

“ನೆಕ್ಕು ಅಂದ್ನಲ್ಲ. ದೇವ್ರತ್ರ ನಾನು ಮಾತಾಡ್ಕಂತೀನಿ.”

ಆ ಮನೆಗೆ ಬಂದಾಗಿನಿಂದ ಮೊದಲ ಸಲ ಅತ್ತೆಯ ಕಣ್ಣೆದುರು ಒಲೆಯ ಮೇಲಿನ ಸಾರನ್ನು ನಾಲಿಗೆಗೆ ಮುಟ್ಟಿಸಿದೆ. ಘಮವಿಲ್ಲ, ಸೊಗಡಿಲ್ಲ. ಆದರೆ ಖಾರ ತಗುಲಿತು, ಹುಳಿ ತಗುಲಿತು. ನಾಲಿಗೆ ಸತ್ತಿರಲಿಲ್ಲ. ಅತ್ತೆ ಮೂಗಿರುವ ಹೆಂಗಸು, ಅವರೇ ಹಬೆ ನೋಡಿ ಉಪ್ಪು ಹಾಕಬಹುದಿತ್ತು. ಹಾಕದೆ ನನ್ನ ಬಾಯಿಂದ ಏನು ಬರುತ್ತದೆ ಎಂದು ನೋಡುತ್ತಾ ನಿಂತಿದ್ದರು.

“ಉಪ್ಪು ಕಮ್ಮಿ ಐತೆ” ಎಂದೆ.

“ಆಕು ಮತ್ತೆ, ಜನ ಬತ್ತಾವ್ರೆ” ಎಂದು ಸೌಟನ್ನು ನನ್ನ ಕೈಗೆ ಕೊಟ್ಟು, ಅತ್ತೆ ಎಲೆ ಹಾಸಲು ಹೋದರು.