ಠಾಣೆಯಲ್ಲಿಲ್ಲದ ಹೆಸರು

ಕಡಬದ ಹತ್ತಿರದ ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಪಂಜದ ಶಂಕರಿ ಆಯಾ. ಸುಮ್ಮನೆ ಕೂತು ಗೊತ್ತೇ ಇಲ್ಲದ ಹೆಂಗಸು. ಒಂದು ಮಗುವಿಗೆ ಗಂಜಿ ಉಣಿಸುತ್ತಲೇ ಇನ್ನೊಂದರ ಮೂಗು ಒರೆಸುವವಳು. ಮಾತು ಬಾರದ ಮಕ್ಕಳೂ ಅವಳೊಡನೆ ಜಗಳ ಕಾಯುತ್ತವೆ, ಅವಳೂ ಬಿಟ್ಟುಕೊಡುವವಳಲ್ಲ. ಅಂಥವಳು ಆ ವಾರವಿಡೀ ಹಾಲು ಉಕ್ಕಿಸಿದಳು, ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದಳು, ಕರೆದರೆ ಬೆಚ್ಚಿಬಿದ್ದಳು.

ಶಾಲೆಯ ವ್ಯಾನಿಗೆ ಹೊಸ ಡ್ರೈವರ್ ಆಗಿ ಬರಲಿದ್ದವನು ಅವಳ ಮೈದುನ ಕುಕ್ಕಪ್ಪ. ಶಾಲೆ ನಡೆಸುವ ಫಾತಿಮತ್ ಝುಹ್ರಾ ಟೀಚರ್ ಯಾರನ್ನೂ ಹಾಗೇ ಸೇರಿಸಿಕೊಳ್ಳುವವರಲ್ಲ. ಮಕ್ಕಳಿಗೆ ಹಿಂಸೆ ಕೊಟ್ಟು ಶಿಕ್ಷೆಯಾದವರ ಹೆಸರು ಸರಕಾರದ ದಾಖಲೆಯಲ್ಲಿರುತ್ತದೆ, ಪೊಲೀಸರು ಅದನ್ನೆಲ್ಲ ನೋಡಿ ಹೇಳದೆ ವ್ಯಾನಿನ ಕೀ ಕೊಡುವುದಿಲ್ಲ ಎಂದಿದ್ದರು. ಶಂಕರಿ ಆ ದಾಖಲೆಯನ್ನೇ ನೆಚ್ಚಿಕೊಂಡಳು. ಅವನು ಅಲ್ಲೇ ಸಿಕ್ಕಿಬೀಳಲಿ, ತನ್ನ ಬಾಯಿಂದ ಬರುವುದು ಬೇಡ ಎಂಬ ಆಸೆ. ಪಾಪ ಅನ್ನಬೇಕೋ, ಬೈಯಬೇಕೋ!

ಯಾಕೆಂದರೆ ಅವಳಿಗೆ ಎಲ್ಲವೂ ಗೊತ್ತಿತ್ತು. ಅವಳು ಮದುವೆಯಾಗಿ ಬಂದ ಹೊಸತರಲ್ಲಿ, ನೆರೆಮನೆಯ ಮಾತು ಬಾರದ ಹುಡುಗಿಯ ಮೈಮೇಲೆ ಕೈಹಾಕಿ ಕುಕ್ಕಪ್ಪ ಸಿಕ್ಕಿಬಿದ್ದಿದ್ದ. ದೊಡ್ಡ ಮಗಳ ಮದುವೆ ಮುರಿದೀತೆಂದು ಹುಡುಗಿಯ ತಂದೆ ಹೆದರಿದರು, ಮನೆಯ ಮರ್ಯಾದೆ ಉಳಿಸಿ ಎಂದು ಶಂಕರಿಯ ಮಾವ ಗೋಗರೆದರು. ಚಾವಡಿಯಲ್ಲಿ ಹಿರಿಯರು ಕೂತು ರಾಜಿ ಮಾಡಿಸಿದರು. ಕುಕ್ಕಪ್ಪ ರಬ್ಬರ್ ಟ್ಯಾಪಿಂಗಿಗೆಂದು ಕೇರಳಕ್ಕೆ ಹೋದ. ಈಗ ತಿರುಗಿ ಬಂದವನ ಹೆಸರು ಅಲ್ಲಿಯದಾದರೂ ಯಾವುದೋ ಕೇಸಿನಲ್ಲಿ ಇದ್ದೀತೆಂಬುದು ಶಂಕರಿಯ ಲೆಕ್ಕ. ಬಂದವರಿಗೆಲ್ಲ ಚಾ ಕೊಟ್ಟವಳು ಶಂಕರಿ. ಹುಡುಗಿಯನ್ನು ಯಾರೂ ಏನೂ ಕೇಳಲಿಲ್ಲ.

ಸೋಮವಾರ ಮಧ್ಯಾಹ್ನ ಟೀಚರ್ ನಗುನಗುತ್ತ ಬಂದರು. ಠಾಣೆಯಿಂದ ಉತ್ತರ ಬಂದಿತ್ತು, ಕುಕ್ಕಪ್ಪನ ಮೇಲೆ ಒಂದು ಕೇಸೂ ಇಲ್ಲ. ಸಂಜೆ ಮಕ್ಕಳನ್ನು ಮನೆಗೆ ಬಿಡುವುದು ಅವನೇ ಎಂದರು.

ಸಂಜೆ ಅಂಗಳದಲ್ಲಿ ವ್ಯಾನ್ ಸ್ಟಾರ್ಟ್ ಆಯಿತು. ಪುಟ್ಟ ಗಾನಶ್ರೀ ಎಂದಿನಂತೆ ಡ್ರೈವರ್ ಪಕ್ಕದ ಸೀಟು ಹತ್ತಿ ಕೂತಳು. ಅವಳಿಗೂ ಮಾತಿಲ್ಲ. ಶಂಕರಿ ಬಾಗಿಲಲ್ಲಿ ನಿಂತು ನೋಡಿದಳು. ಬಾಯಿಬಿಟ್ಟರೆ ಗಂಡ ಮನೆಯಿಂದ ಹೊರಗೆ ಹಾಕಿಯಾನು. ಈ ವಯಸ್ಸಿನಲ್ಲಿ ಕೊಲ್ಲಮೊಗ್ರಿನ ತವರಿಗೆ ಯಾವ ಮುಖ ಹೊತ್ತು ಹೋಗುವುದು? ಯೋಚನೆ ಮುಗಿಯುವ ಮೊದಲೇ ಕಾಲು ಓಡಿತ್ತು. ಮಗುವನ್ನು ಬಾಚಿ ಕೆಳಗಿಳಿಸಿದಳು.

ಎಂತ ಅತ್ತಿಗೆ ಎಂದು ಕುಕ್ಕಪ್ಪ ನಕ್ಕ. ಹಿಂದೆಯೇ ಬಂದ ಟೀಚರ್, ಪೊಲೀಸರೇ ಏನೂ ಇಲ್ಲ ಎಂದ ಮೇಲೆ ನಿಮಗೇನು ಶಂಕರಿಯಕ್ಕ ಎಂದು ಗದರಿದರು.

"ಪೊಲೀಸರ ಹತ್ತಿರ ಹೇಗೆ ಇರುದು ಟೀಚರ್? ನಾವು ಮನೆಯವರೆಲ್ಲ ಸೇರಿ ಮುಚ್ಚಿ ಹಾಕಿದ್ದು. ನಾನೂ ಸೇರಿ. ಈಗ ಠಾಣೆಗೆ ಹೋಗುವ, ನಾನೇ ಹೇಳ್ತೇನೆ."

ಕುಕ್ಕಪ್ಪ ಇಂಜಿನ್ ಆಫ್ ಮಾಡಿದ.